ಉರಿಯಿಂದ ಕೆಳಗಿಳಿಸು

ಯಾರು? ಗೆರ್ಗೋನಾ?
ಎರಡು ವರ್ಷ ಆಯ್ತಲ್ಲೋ ಈ ನಂಬರಿನಿಂದ ಫೋನು ಬಂದು.
ಇಲ್ಲ, ಎನಿಕೋ ಇಲ್ಲಿಲ್ಲ. ಇದ್ದರೂ ಕೊಡ್ತಿರಲಿಲ್ಲ.
ಏನು, ಗೂಲಾಶಾ?

ತಡಿ, ಕನ್ನಡಕ ಹಾಕ್ಕೋತೀನಿ.
ಫೋನಿಗೆ ಕನ್ನಡಕ ಬೇಡ, ಗೊತ್ತು;
ಅಡುಗೆ ಮಾತಿಗೆ ಬೇಕು ನನಗೆ.

ಬೊರೋಕಾ ಬರ್ತಾಳಾ ಏಳಕ್ಕೆ?
ಅಜ್ಜಿ ಮನೇದರ ಹಾಗೇ ಬೇಕಂತಾ, ಖಾರವಾಗಿ?
ಏಳು ವರ್ಷದ ನಾಲಗೆ!
ನನ್ನ ಗಂಡ ವೆಂದೆಲ್‌ನ ಕಡೆಯದು ಅದು,
ದನ ಕಾಯ್ತಿದ್ದವರ ವಂಶ,
ಬಯಲಿನ ಚಳಿಗೆ ಕಂಬಳಿಗಿಂತ ಮೊದಲು
ಖಾರ ಹೊದ್ದು ಮಲಗಿದವರು.

ಮಾಂಸ ಯಾವ ಭಾಗ ತಂದೆ?
ಮೀನಖಂಡದ್ದಾ? ಒಳ್ಳೇದು.
ನರ ಇದೆ ಅಂತ ಕೀಳಬೇಡ,
ಅದೇ ಕರಗಿ ತುಟಿಗೆ ತುಟಿ ಅಂಟಿಸೋದು.
ಈರುಳ್ಳಿ? ಎರಡಾ?
ಎರಡರಲ್ಲಿ ಆಸ್ಪತ್ರೆಯವರು ಮಾಡ್ತಾರೆ.
ಐದು ಹೆಚ್ಚು, ಸಣ್ಣಗೆ. ಹಂದಿ ಕೊಬ್ಬಿಗೆ ಹಾಕು.
ಕೆಂಪಾಗಬಾರದು, ಗಾಜಾಗಬೇಕು,
ಸೌಟಿನ ತಳ ಕಾಣೋ ಹಾಗೆ.
ಕಾಯ್ತೀನಿ. ಇಡಬೇಡ ಫೋನು.

ನಿನ್ನ ಮೇಲೆ ಸಿಟ್ಟಿಲ್ಲ ಅಂತಲ್ಲ.
ಇದೆ. ಬೇರೆ ಡಬ್ಬೀಲಿ ಇಟ್ಟಿದ್ದೀನಿ.

ಈಗ ಪಾಪ್ರಿಕಾ ಪುಡಿ. ಯಾವುದಿದೆ?
ನಾನು ಮದುವೆಗೆ ಕೊಟ್ಟ ಜಾಡೀದಾ?
ಬಣ್ಣ ಹೇಳು.
ಇಟ್ಟಿಗೆಯಾ, ಇಲ್ಲಾ ಹಳೇ ಗೂಡ್ಸ್ ಗಾಡಿಯ ತುಕ್ಕಾ?
ತುಕ್ಕು.
ಹತ್ತು ವರ್ಷದ ಪುಡೀಲಿ ಹೆಸರೊಂದೇ ಉಳಿದಿರುತ್ತೆ.
ಸೆಗೆಡ್‌ನಲ್ಲಿ ಕೂತು ಸತ್ತ ಪಾಪ್ರಿಕಾ!
ತೀಸಾ ಹೊಳೆ ಕೇಳಿಸ್ಕೊಂಡ್ರೆ ದಿಕ್ಕು ಬದಲಿಸುತ್ತೆ.
ಒಲೆ ಆರಿಸು. ಎದುರು ಮನೆ ಬರ್ನಾ ಮಾಮನ ಬಾಗಿಲು ತಟ್ಟು,
ಅವನ ಬಾಲ್ಕನೀಲಿ ಯಾವಾಗಲೂ ಸರ ತೂಗ್ತಿರುತ್ತೆ.
ಹೌದು, ಮಾತು ಬಿಟ್ಟಿದ್ದೀರಿ,
ಸೈಕಲ್ ನಿಲ್ಲಿಸೋ ಜಾಗಕ್ಕೆ, ಗೊತ್ತು.
ಖಾರ ಕೇಳೋಕೆ ಮಾತು ಬೇಕಿಲ್ಲ.
ಬಟ್ಟಲು ಮುಂದೆ ಹಿಡಿ.

ಬಂದೆಯಾ? ಏನು ಕೊಟ್ಟ?
ಅರ್ಧ ಬಟ್ಟಲು ಪುಡಿ, ಗುಂಡುಮೆಣಸಿನಕಾಯಿ ಎರಡು,
ಜೊತೆಗೊಂದು ಬೈಗುಳ.
ಸರಿ, ಮೂರೂ ಹಾಕು.

ಈಗ ಕೇಳು, ಇದೊಂದೇ ವಿದ್ಯೆ, ಉಳಿದದ್ದೆಲ್ಲ ನೀರು:
ಪಾತ್ರೇನ ಉರಿಯಿಂದ ಕೆಳಗಿಳಿಸು.
ಉರಿ ಸಣ್ಣ ಮಾಡಿದ್ರೆ ಸಾಲದು. ಇಳಿಸು. ಕಲ್ಲಿನ ಮೇಲಿಡು.
ಆಮೇಲೆ ಪುಡಿ. ಮೂರು ಸುತ್ತು ತಿರುವು.
ತಕ್ಷಣ ಮಾಂಸ, ತಕ್ಷಣ ನೀರು, ಆಮೇಲೇ ಒಲೆ.
ಅದರೊಳಗೆ ಸಕ್ಕರೆ ಇದೆ ಕಣೋ,
ಆ ಕೆಂಪು ನೋಡಿ ಯಾರೂ ನಂಬಲ್ಲ.
ಉರಿ ಮೇಲಿದ್ರೆ ಒಂದು ಉಸಿರಿಗೆ ಸೀದುಹೋಗುತ್ತೆ,
ಆಮೇಲೆ ಎಷ್ಟು ಹೊಯ್ದರೂ
ಕಹಿಯೇ ಜಾಸ್ತಿಯಾಗೋದು.

ನಾನೂ ಸೀಯಿಸಿದ್ದೆ. ಮದುವೆಯಾದ ಮೊದಲ ಡಿಸೆಂಬರ್,
ಹಂದಿ ಕೊಯ್ಯಲು ಬಂದ ಒಂಬತ್ತು ಜನ ಮೇಜಿನ ಸುತ್ತ.
ಅತ್ತೆ ಒಂದು ಚಮಚ ಬಾಯಿಗಿಟ್ಟರು.
ನನ್ನ ಕಡೆ ನೋಡಲಿಲ್ಲ.
ಬ್ರೆಡ್ ಮುರಿದು ತಟ್ಟೆ ಒರೆಸಿದರು,
ಇನ್ನೊಂದು ಸೌಟು ಹಾಕಿಸಿಕೊಂಡರು.
ಆ ಎರಡನೇ ಸೌಟಿನ ಸಾಲ
ನನ್ನ ಕೈಯಲ್ಲಿ ಇವತ್ತಿಗೂ ತೀರಿಲ್ಲ.

ಏನಂದೆ?
ಇಲ್ಲ, ಎನಿಕೋಗೆ ಹೇಳಿರಲಿಲ್ಲ ಇದನ್ನ.
ಅವಳು ಕೇಳಲಿಲ್ಲ. ನೀನೂ ಆಗ ಕೇಳಲಿಲ್ಲ.

ಎರಡು ತಾಸಾದ ಮೇಲೆ ಆಲೂಗಡ್ಡೆ. ಶಾಜೀರಿಗೆ ಒಂದು ಚಿಟಿಕೆ.
ಮೊಟ್ಟೆ ಒಡೆದು ಹಿಟ್ಟು ಕಲಸಿಡು,
ಉಗುರಿನಷ್ಟುಗಲ ಚಿವುಟಿ ಚಿವುಟಿ ಹಾಕೋದು ಮಗುವಿಗೆ ಬಿಡು,
ಸಣ್ಣ ಬೆರಳಿಗೇ ಒಗ್ಗೋದು ಅದು.
ಆದರೆ ಗಟ್ಟಿಯಾಗಲಿ ಅಂತ ಸಾರಿಗೇ ಹಿಟ್ಟು ಕದಡಿದೆಯೋ,
ನಾನೇ ಬಸ್ಸು ಹತ್ತಿ ಬರ್ತೀನಿ.

ಈಗ ಫೋನನ್ನ ಪಾತ್ರೆ ಹತ್ತಿರ ಹಿಡಿ.
ಇನ್ನೂ ಹತ್ತಿರ. ಮಾತಾಡಬೇಡ.

ಹ್ಞೂಂ.
ಕುಣೀತಿದೆ. ಕುಣೀಬಾರದು, ಗೊಣಗಬೇಕು.
ಸಣ್ಣ ಮಾಡು. ಇನ್ನೊಂಚೂರು.
ಆಂ, ಅದು.
ಹಾಗೇ ಹಿಡಿದಿರು ಸ್ವಲ್ಪ ಹೊತ್ತು.

ಗೆರ್ಗೋ,
ಸಾರಿಗೆ ಹಿಟ್ಟೇನೂ ಹಾಕಿಲ್ಲ ತಾನೇ?

ಇಲ್ವಾ.

ಥೂ,
ಐದೂವರೆ ಬಸ್ಸಿಗೆ ಒಂದು ನೆಪವನ್ನೂ ಉಳಿಸಲಿಲ್ಲ ನೀನು.